ತಾರಸಿಗೆ ಬೀಳುವ ಬಿಸಿಲು ಎಷ್ಟು? ಮಲೆನಾಡಿನಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸುವಷ್ಟರಲ್ಲಿ

ಅಡಿಕೆ ಸೀಮೆಯಲ್ಲಿ ಬಿಸಿಲನ್ನು ಎಣಿಸುವುದು ಹೊಸದೇನಲ್ಲ. ಬೇಯಿಸಿದ ಅಡಿಕೆಗೆ ಇಷ್ಟು ಬಿಸಿಲು ಬೇಕು, ಮೋಡ ಕಟ್ಟಿದರೆ ಇನ್ನೂ ಮೂರು ಹೆಚ್ಚು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಸೋಲಾರ್‌ಗೂ ಬೇಕಾದದ್ದು ಇದೇ ಲೆಕ್ಕ. ಆದರೆ ತೀರ್ಥಹಳ್ಳಿ ಕಡೆಯ ಈ ತಾರಸಿಗೆ ಕೊಟೇಶನ್ ಕೊಟ್ಟ ಮೂರು ಏಜೆನ್ಸಿಯವರೂ ಬರೆದದ್ದು ಒಂದೇ ಸಾಲು: ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್. ಯಾವ ತಿಂಗಳು ಎಂದು ಯಾರೂ ಬರೆದಿರಲಿಲ್ಲ. ಡಿಸೆಂಬರ್‌ನಲ್ಲಿ ನೆರಳು ಅಳೆಯುವುದರಿಂದ ಶುರುವಾದ ಕೆಲಸ ಸಬ್ಸಿಡಿ ಖಾತೆಗೆ ಬೀಳುವ ಹೊತ್ತಿಗೆ ಸೆಪ್ಟೆಂಬರ್ ಮುಗಿಯುತ್ತಿತ್ತು. ಎಲ್ಲೆಲ್ಲಿ ದಿನ ಹೋಯಿತು, ಎಲ್ಲೆಲ್ಲಿ ದುಡ್ಡು ಹೋಯಿತು ಎನ್ನುವುದನ್ನು ಬರೆದಿಡುತ್ತಿದ್ದೇನೆ.

ನೆರಳಿನ ಕೆಲಸವನ್ನು ಡಿಸೆಂಬರ್‌ನಲ್ಲೇ ಮಾಡಿಕೊಳ್ಳಿ. ಈ ಊರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ನಡು ಮಧ್ಯಾಹ್ನದಲ್ಲೂ 53 ಡಿಗ್ರಿಗಿಂತ ಮೇಲೇರುವುದಿಲ್ಲ. ಒಂದು ಮೀಟರ್ ಕೋಲು ನಿಲ್ಲಿಸಿದರೆ ಮಧ್ಯಾಹ್ನ 75 ಸೆಂಟಿಮೀಟರ್ ನೆರಳು. ಬೆಳಿಗ್ಗೆ 9ಕ್ಕೆ ಮತ್ತು ಸಂಜೆ 4ಕ್ಕೆ ಅದೇ ಕೋಲಿನ ನೆರಳು ಸುಮಾರು ಎರಡು ಮೀಟರ್. ತಾರಸಿ ಮಟ್ಟದಿಂದ 5 ಮೀಟರ್ ಮೇಲೆದ್ದ ಮರ ಆಗ್ನೇಯದಲ್ಲಿದ್ದರೆ ಬೆಳಗಿನ ನೆರಳು 10 ಮೀಟರ್ ದೂರಕ್ಕೆ ಬಂದು ಬೀಳುತ್ತದೆ. ಆದ್ದರಿಂದ ಮರದ ಎತ್ತರವನ್ನು ನೆಲದಿಂದಲ್ಲ, ಪ್ಯಾನೆಲ್ ಕೂರುವ ಮಟ್ಟದಿಂದ ಅಳೆದು ಅದರ ಎರಡರಷ್ಟು ದೂರ ಬಿಟ್ಟುಕೊಳ್ಳಬೇಕು. ಏಪ್ರಿಲ್‌ನಲ್ಲಿ ಸೈಟ್ ನೋಡಲು ಬಂದವರು "ನೆರಳೇ ಇಲ್ಲ ಸಾರ್" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಆ ತಿಂಗಳಲ್ಲಿ ನೆರಳು ಮರದ ಬುಡದಲ್ಲೇ ಇರುತ್ತದೆ.

ಪ್ಯಾನೆಲ್ ಮುಖ ಮಾಡಬೇಕಾದದ್ದು ದಕ್ಷಿಣಕ್ಕೆ. ಆ ದಕ್ಷಿಣ ಹುಡುಕುವುದು ಸುಲಭ ಅಂದುಕೊಂಡದ್ದು ತಪ್ಪಾಯಿತು. ಮೊಬೈಲ್ ದಿಕ್ಸೂಚಿ ತಾರಸಿಯ ಮೇಲೆ ನಂಬುವಂಥದ್ದಲ್ಲ. ಪಿಲ್ಲರ್ ಸರಳು, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್ ಇರುವ ಕಡೆ ಫೋನನ್ನು ಒಂದಡಿ ಸರಿಸಿದರೆ ಮುಳ್ಳು 20 ಡಿಗ್ರಿ ತಿರುಗಿತು. ಗಾರೆ ಕೆಲಸದವರ ತೂಕದ ಗುಂಡು ಇದಕ್ಕಿಂತ ವಾಸಿ. ದಾರ ತೂಗುಬಿಟ್ಟು, ಸೂರ್ಯ ಆ ದಿನದ ಅತಿ ಎತ್ತರಕ್ಕೇರುವ ನಿಮಿಷಕ್ಕೆ ದಾರದ ನೆರಳಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅದೇ ನಿಜವಾದ ಉತ್ತರ–ದಕ್ಷಿಣ. ಆದರೆ ಆ ನಿಮಿಷ ಗಡಿಯಾರದ 12 ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಈ ಊರು ಇರುವುದು 75.25ರಲ್ಲಿ. ಅಲ್ಲಿಗೆ 29 ನಿಮಿಷ ತಡ. ಅದರ ಮೇಲೆ ಋತುವಿಗೆ ತಕ್ಕ ಏರಿಳಿತ ಬೇರೆ: ನವೆಂಬರ್ ಮೊದಲ ವಾರ 12:13, ಡಿಸೆಂಬರ್ 21ಕ್ಕೆ 12:27, ಫೆಬ್ರವರಿ ಎರಡನೇ ವಾರ 12:43. ಎಳೆದ ಗೆರೆಯ ಮೇಲೆ ಆಗಲೇ ಪೇಂಟ್ ಹಚ್ಚಿ. ಫಿಟ್ಟಿಂಗ್‌ನವರು ಬರುವಷ್ಟರಲ್ಲಿ ಸೀಮೆಸುಣ್ಣ ಉಳಿದಿರುವುದಿಲ್ಲ.

ಉತ್ತರದ ಕಡೆಯನ್ನೂ ಒಮ್ಮೆ ನೋಡಿಬಿಡಿ. ಏಪ್ರಿಲ್ 27ರ ಆಸುಪಾಸು ಮತ್ತು ಆಗಸ್ಟ್ 16ರ ಆಸುಪಾಸು ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ, ಇವೆರಡರ ನಡುವೆ ಮಧ್ಯಾಹ್ನವೂ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ನೆರಳು ಗಿಡ್ಡ, ತೊಂದರೆಯಿಲ್ಲ. ಆದರೆ ಮೇ ತಿಂಗಳ ಸಂಜೆ ವಾಯವ್ಯದ ಮೆಟ್ಟಿಲ ಕೋಣೆ ಪ್ಯಾನೆಲ್ ಮೇಲೆ ನೆರಳು ಚೆಲ್ಲುತ್ತದೆ ಎನ್ನುವುದು ಏಜೆನ್ಸಿಯವರು ಕೊಟ್ಟ ಮೂರು ನಕ್ಷೆಗಳಲ್ಲಿ ಒಂದರಲ್ಲೂ ಇರಲಿಲ್ಲ.

ಬಿಸಿಲಿನ ತೀವ್ರತೆ ಅಳೆಯಲು ಮೊಬೈಲಿನ ಲಕ್ಸ್ ಆ್ಯಪ್ ಬೇಡ, ಅದು ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕ. 10 ವ್ಯಾಟ್‌ನ ಪುಟ್ಟ ಪ್ಯಾನೆಲ್ ಒಂದು, ಮಲ್ಟಿಮೀಟರ್ ಒಂದು ಸಾಕು. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ ಪ್ಯಾನೆಲಿನ ಎರಡು ತುದಿಗೆ ನೇರ ಹಿಡಿದರೆ ಬರುವ ಕರೆಂಟು ಬಿಸಿಲಿಗೆ ಸರಿಯಾಗಿ ಏರಿಳಿಯುತ್ತದೆ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿ 0.6 ಆಂಪಿಯರ್ ಎಂದಿದ್ದರೆ ಅದು ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲಿನದು, 0.3 ಬಂದರೆ 500 ವ್ಯಾಟ್. ಡಿಸೆಂಬರ್ ಮಧ್ಯಾಹ್ನ ಅಡ್ಡ ಮಲಗಿಸಿದಾಗ 0.47, ದಕ್ಷಿಣಕ್ಕೆ 15 ಡಿಗ್ರಿ ಓರೆ ಮಾಡಿದಾಗ 0.53. ಮಂಜು ಕವಿದ ಬೆಳಿಗ್ಗೆ ಎಂಟೂವರೆಗೆ 0.08. ಒಂದೇ ಒಂದು ಸೆಲ್ ಮೇಲೆ ಅಂಗೈ ಇಟ್ಟರೆ 0.5 ಇದ್ದದ್ದು 0.1ಕ್ಕೆ ಧೊಪ್ಪನೆ ಇಳಿಯಿತು. ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಹೀಗೆ. ತೆಂಗಿನ ಒಂದು ಗರಿಯ ನೆರಳು ಎಷ್ಟು ನಷ್ಟ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ದೊಡ್ಡ ಪ್ಯಾನೆಲ್‌ಗಳಲ್ಲಿ ನೆರಳಾದ ಭಾಗವನ್ನು ಬಿಟ್ಟು ಕರೆಂಟನ್ನು ಸುತ್ತುದಾರಿಯಲ್ಲಿ ಹರಿಸುವ ಮೂರು ಬೈಪಾಸ್ ಡಯೋಡ್ ಇರುತ್ತವೆ, ಹಾಗಾಗಿ ಅಷ್ಟು ಕೆಟ್ಟದಾಗುವುದಿಲ್ಲ. ಆದರೂ ಒಂದು ಮೂಲೆಯ ನೆರಳಿಗೆ ಪ್ಯಾನೆಲಿನ ಮೂರನೇ ಒಂದು ಭಾಗ ಹೋಗಬಹುದು. (ಅಳೆದಾದ ಮೇಲೆ ಕೆಂಪು ತಂತಿಯನ್ನು ಮರಳಿ ವೋಲ್ಟ್ ತೂತಿಗೆ ಹಾಕಲು ಮರೆಯಬೇಡಿ. ಹಾಗೆಯೇ ಮನೆಯ ಪ್ಲಗ್ಗಿಗೆ ಹಿಡಿದರೆ ಮೀಟರೂ ಹೋಗುತ್ತದೆ, ಕೈಯೂ ಸುಡುತ್ತದೆ.)

ಇಡೀ ವರ್ಷದ ಲೆಕ್ಕಕ್ಕೆ ಉಪಗ್ರಹದ ಅಂಕಿ ಬೇಕೇ ಬೇಕು. ಪುಕ್ಕಟೆ ಸಿಗುವವು ಮೂರು: ವಿಶ್ವಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್, ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್, ನಾಸಾದ ಪವರ್. ಊರಿನ ಅಕ್ಷಾಂಶ–ರೇಖಾಂಶ ಕೊಟ್ಟರೆ ತಿಂಗಳುವಾರು ಬಿಸಿಲು ಬರುತ್ತದೆ. ಘಟ್ಟದ ಅಂಚಿನವರು ನಾಸಾದ ಅಂಕಿಯನ್ನು ಎಚ್ಚರದಿಂದ ನೋಡಬೇಕು. ಅದರ ಬಿಸಿಲಿನ ಚೌಕ ಒಂದು ಡಿಗ್ರಿಯಷ್ಟು, ಅಂದರೆ ಸುಮಾರು 110 ಕಿಲೋಮೀಟರ್ ಅಗಲ. ಆಗುಂಬೆಯ ಮಳೆಯೂ ತರೀಕೆರೆಯ ಬಿಸಿಲೂ ಒಂದೇ ಚೌಕದಲ್ಲಿ ಬೆರೆತು ಎರಡೂ ಅಲ್ಲದ ಸಂಖ್ಯೆ ಹೊರಬರುತ್ತದೆ. ಅಟ್ಲಾಸ್‌ನ ಚೌಕ ಬಹಳ ಚಿಕ್ಕದು, ಸುತ್ತಲಿನ ಗುಡ್ಡದ ನೆರಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಮನೆ ಹಿಂದಿನ ಹಲಸಿನ ಮರ ಮಾತ್ರ ಯಾವುದಕ್ಕೂ ಗೊತ್ತಿಲ್ಲ. ಬೇಸಿಗೆ ತಿಂಗಳುಗಳಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು: ಮಾರ್ಚ್–ಏಪ್ರಿಲ್‌ನಲ್ಲಿ ಚದರ ಮೀಟರ್‌ಗೆ ದಿನಕ್ಕೆ 6 ಯೂನಿಟ್ ಮೇಲೆ. ಜುಲೈಗೆ ಬಂದಾಗ ಎಲ್ಲವೂ 4ರ ಕೆಳಗೆ, ಒಂದಕ್ಕೊಂದು ಹೊಂದುವುದೂ ಇಲ್ಲ. ಹೊಂದದ ತಿಂಗಳಿಗೆ ಕಡಿಮೆ ಇರುವ ಅಂಕಿಯನ್ನೇ ಹಿಡಿದುಕೊಂಡದ್ದು ಸರಿಯಾಯಿತು.

ಇಲ್ಲಿಂದ ಮುಂದೆ ಎಷ್ಟು ಕಿಲೋವ್ಯಾಟ್ ಎನ್ನುವ ಪ್ರಶ್ನೆ. ಜುಲೈ ಸಾಲದು ಎಂದು ಪ್ಯಾನೆಲ್ ಹೆಚ್ಚಿಸುವುದು ಇಲ್ಲಿ ನಷ್ಟದ ಬಾಬತ್ತು. ಬೇಸಿಗೆಯಲ್ಲಿ ಉಳಿದು ಲೈನಿಗೆ ಹೋಗುವ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿಯೂ 3 ಕಿಲೋವ್ಯಾಟ್‌ಗೇ ನಿಲ್ಲುತ್ತದೆ: ಮೊದಲ ಎರಡಕ್ಕೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ, ಅದರ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ. ಲೆಕ್ಕ ಹಿಡಿಯುವುದು ಪ್ಯಾನೆಲ್ ಮತ್ತು ಇನ್ವರ್ಟರ್ (ಪ್ಯಾನೆಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ, ಬ್ಯಾಟರಿಯದಲ್ಲ) ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು. 545 ವ್ಯಾಟ್‌ನ ಐದು ಪ್ಯಾನೆಲ್ ಹಾಕಿದರೆ 2.725 ಕಿಲೋವ್ಯಾಟ್, ಸಬ್ಸಿಡಿ 73,050. ಆರು ಹಾಕಿ 3 ಕಿಲೋವ್ಯಾಟ್ ಇನ್ವರ್ಟರ್ ಇಟ್ಟರೆ ಪೂರ್ತಿ 78,000. ಇನ್ನು, ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದವರು ಸೋಲಾರ್ ಹಾಕಿಸಿ ಉಳಿಸುವುದು ಏನೂ ಇಲ್ಲ. ಪಂಪು, ಗೀಸರು, ಎ.ಸಿ. ಎಂದು ತಿಂಗಳಿಗೆ 300 ಯೂನಿಟ್ ದಾಟುವ ಮನೆಗೆ ಇದು ಸರಿ.

ಜಾಗದ ವಿಷಯದಲ್ಲಿ ಅಡಿಕೆಗೂ ಸೋಲಾರ್‌ಗೂ ಜಗಳ. ಕೊಯ್ಲು ನಡೆಯುವ ನವೆಂಬರ್–ಫೆಬ್ರವರಿಯಲ್ಲಿ ಇಬ್ಬರಿಗೂ ಅದೇ ತಾರಸಿ ಬೇಕು. ಆಗ ನೆರಳು ಬೀಳುವುದು ಉತ್ತರಕ್ಕೆ. ಆದ್ದರಿಂದ ಪ್ಯಾನೆಲ್ ಸಾಲನ್ನು ತಾರಸಿಯ ಉತ್ತರದ ಅಂಚಿಗೆ ತಳ್ಳಿದರೆ ದಕ್ಷಿಣದ ಅರ್ಧ ಅಡಿಕೆಗೆ ಪೂರ್ತಿ ಸಿಗುತ್ತದೆ. ಆರು ಪ್ಯಾನೆಲ್ ಉದ್ದುದ್ದ ನಿಲ್ಲಿಸಿದರೆ ಸಾಲು 7 ಮೀಟರ್, ಆಳ 2.28 ಮೀಟರ್. 15 ಡಿಗ್ರಿ ಓರೆಗೆ ಹಿಂಬದಿ ಮುಂಬದಿಗಿಂತ 59 ಸೆಂಟಿಮೀಟರ್ ಎತ್ತರ. ಓರೆಯನ್ನು 10 ಮಾಡಿದರೂ 20 ಮಾಡಿದರೂ ವರ್ಷದ ಉತ್ಪತ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ 10ಕ್ಕಿಂತ ಇಳಿದರೆ ಕೆಳಗಿನ ಚೌಕಟ್ಟಿನಲ್ಲಿ ನೀರು ನಿಂತು ಮಳೆಗಾಲ ಮುಗಿಯುವಷ್ಟರಲ್ಲಿ ಹಾವಸೆ ಕಟ್ಟುತ್ತದೆ. ಅಂಚಿಗೆ ಒತ್ತಿಕೊಂಡು ನಿಲ್ಲಿಸಬೇಡಿ, ಗಾಳಿಯ ಹೊಡೆತ ಹೆಚ್ಚು. ಮೂರಡಿ ಬಿಡಿ.

ಜನವರಿ ಇಡೀ ಕಾಗದಕ್ಕೆ ಹೋಯಿತು. ಸೂರ್ಯಘರ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಹದಿನೈದು ನಿಮಿಷದ ಕೆಲಸ: ರಾಜ್ಯ, ವಿದ್ಯುತ್ ಕಂಪನಿ, ಬಿಲ್ಲಿನ ಅಕೌಂಟ್ ಐಡಿ, ಮೊಬೈಲ್. ತೊಡಕು ಬಂದದ್ದು ಬಿಲ್ಲಿನ ಹೆಸರಿನಲ್ಲಿ. ಆರ್‌ಆರ್ ನಂಬರ್ ತೀರಿಹೋದ ಹಿರಿಯರ ಹೆಸರಿನಲ್ಲಿತ್ತು. ಹಳ್ಳಿಯ ಬಹುಪಾಲು ಮನೆಗಳ ಕಥೆ ಇದೇ. ಹೆಸರು ಬದಲಾಗದೆ ಮುಂದೆ ಹೋದರೆ ಕೊನೆಯಲ್ಲಿ ಸಬ್ಸಿಡಿ ನಿಲ್ಲುತ್ತದೆ, ಏಕೆಂದರೆ ಬ್ಯಾಂಕ್ ಖಾತೆಯ ಹೆಸರು ಗ್ರಾಹಕರ ಹೆಸರಿಗೆ ಹೊಂದಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಂಚಾಯಿತಿಯ ಇ-ಸ್ವತ್ತು ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಷ್ಟನ್ನೂ ಕೇಳಿದರು. ಒಪ್ಪಿಗೆ ಪತ್ರವನ್ನು ಬಿಳಿ ಹಾಳೆಯಲ್ಲಿ ಕೊಟ್ಟು ವಾಪಸ್ ಬಂದು, ಛಾಪಾ ಕಾಗದದಲ್ಲಿ ಮಾಡಿಸಿ, ನೋಟರಿ ಸಹಿ ಹಾಕಿಸಿ ಮತ್ತೆ ಕೊಟ್ಟದ್ದಕ್ಕೆ ಹನ್ನೊಂದು ದಿನ. ಇದೆಲ್ಲ ಮುಗಿಸಿಯೇ ಏಜೆನ್ಸಿಗೆ ಅಡ್ವಾನ್ಸ್ ಕೊಡಿ.

ಎರಡನೇ ತೊಡಕು ಮಂಜೂರಾದ ಲೋಡ್, ಅಂದರೆ ಮನೆಗೆ ಕಂಪನಿ ಒಪ್ಪಿಕೊಟ್ಟ ಕಿಲೋವ್ಯಾಟ್. ಹಳೆಯ ಮನೆ, 1 ಕಿಲೋವ್ಯಾಟ್. ವಿದ್ಯುತ್ ಗ್ರಾಹಕರ ಹಕ್ಕುಗಳ 2024ರ ತಿದ್ದುಪಡಿ ನಿಯಮದ ಪ್ರಕಾರ 10 ಕಿಲೋವ್ಯಾಟ್ ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಅದಕ್ಕೆ ತಕ್ಕಂತೆ ಲೋಡ್ ಹೆಚ್ಚಿಸಿಕೊಡುವುದೂ ಕಂಪನಿಯದೇ ಕೆಲಸ. ಯಾರೂ ಹೇಳದ ಮಾತೊಂದಿದೆ: ಬಿಲ್ಲಿನ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ಲೋಡ್ 1ರಿಂದ 3ಕ್ಕೆ ಏರಿದರೆ ಆ ಶುಲ್ಕವೂ ಮೂರು ಪಟ್ಟು, ಒಂದು ಯೂನಿಟ್ ಬಳಸದಿದ್ದರೂ. ಉಳಿತಾಯದ ಲೆಕ್ಕ ಹಾಕುವಾಗ ಇದನ್ನು ಕಳೆಯಿರಿ.

ಮಾರ್ಚ್‌ನಲ್ಲಿ ಫಿಟ್ಟಿಂಗ್. ಸಬ್ಸಿಡಿಗೆ ಡಿಸಿಆರ್ ಪ್ಯಾನೆಲ್ ಕಡ್ಡಾಯ, ಅಂದರೆ ಸೆಲ್ಲೂ ಪ್ಯಾನೆಲ್ಲೂ ದೇಶದಲ್ಲೇ ತಯಾರಾಗಿರಬೇಕು. ಕಡಿಮೆ ದರದ ಕೊಟೇಶನ್‌ನಲ್ಲಿ ಆ ಮೂರಕ್ಷರ ಇದೆಯೇ ನೋಡಿ. ಪ್ಯಾನೆಲ್ ಮೇಲೇರಿಸುವ ಮೊದಲೇ ಪ್ರತಿಯೊಂದರ ಹಿಂದಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಬೋಲ್ಟ್ ಬಿಗಿದ ಮೇಲೆ ಮುಂದಿನ ತುದಿ ಒಂದೂವರೆ ಅಡಿ ಎತ್ತರದಲ್ಲಿರುತ್ತದೆ, ಅಂಗಾತ ಮಲಗಿ ಟಾರ್ಚ್ ಹಿಡಿದು ಓದಬೇಕಾಗುತ್ತದೆ.

ಸ್ಲ್ಯಾಬಿಗೆ ಡ್ರಿಲ್ ಮಾಡಲು ಬಿಡಬೇಡಿ. ಬೇರೆ ಊರಲ್ಲಿ ನಡೆಯಬಹುದು. ಇಲ್ಲಿ ಆರಿದ್ರಾ ಮಳೆ ಹಿಡಿದರೆ ಆ ತೂತಿನಿಂದ ಒಳಗಿನ ಸೀಲಿಂಗ್ ತೇವವಾಗುತ್ತದೆ. ಒಂದಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ಗುಡ್ಡೆ ಹಾಕಿ ಅದರಲ್ಲೇ ಬೋಲ್ಟ್ ಹೂತರೆ ಒಂದೊಂದಕ್ಕೂ ಸುಮಾರು 68 ಕಿಲೋ ತೂಕ ಬರುತ್ತದೆ. ಎಂಟು ಗುಡ್ಡೆ ಹಾಕಿಸಿದ್ದಾಯಿತು. ಕ್ಯೂರಿಂಗ್‌ಗೆ ಒಂದು ವಾರ ಬಿಟ್ಟೇ ಸ್ಟ್ರಕ್ಚರ್ ಏರಿಸಿ, ಅವಸರ ಮಾಡಿದರೆ ಬೋಲ್ಟ್ ತಿರುಗುತ್ತದೆ. ಪ್ಯಾನೆಲ್ ತಂತಿಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್‌ಗಳು ಎರಡೂ ಕಡೆ ಒಂದೇ ಕಂಪನಿಯವಾಗಿರಲಿ. ನೋಡಲು ಕೂಡುತ್ತವೆ, ಆದರೆ ಒಳಗೆ ಸಡಿಲವಿದ್ದರೆ ಅಲ್ಲೇ ಕಾದು ಕರಗುತ್ತದೆ.

ಅರ್ಥಿಂಗ್ ಮೂರು ಬೇರೆ ಬೇರೆ: ಡಿ.ಸಿ. (ಪ್ಯಾನೆಲ್) ಕಡೆಗೆ, ಎ.ಸಿ. (ಮನೆಯ ಲೈನ್) ಕಡೆಗೆ, ಸಿಡಿಲು ಕಡ್ಡಿಗೆ. ಮೂರನ್ನೂ ಒಂದೇ ಗುಂಡಿಗೆ ಇಳಿಸಿ ಹೋಗುವವರಿದ್ದಾರೆ. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲ ಅಳತೆಯಲ್ಲಿ 11 ಓಮ್ ಬಂತು, 5ರ ಒಳಗೆ ಇರಬೇಕು. ಇನ್ನೊಂದು ರಾಡ್ ಇಳಿಸಿ ತೇವ ಹಿಡಿದಿಡುವ ಬೆಂಟೊನೈಟ್ ಪುಡಿ ತುಂಬಿ ನೀರು ಹೊಯ್ದ ಮೇಲೆ 4ಕ್ಕೆ ಬಂತು. ಏಪ್ರಿಲ್–ಮೇ ತಿಂಗಳ ಗುಡುಗು ನೋಡಿದವರಿಗೆ ಇದರಲ್ಲಿ ಉಳಿಸಬಾರದೆಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಕಾಯುವುದು. ಏಳು ವಾರ ಪ್ಯಾನೆಲ್‌ಗಳು ವರ್ಷದ ಅತ್ಯುತ್ತಮ ಬಿಸಿಲಿನಲ್ಲಿ ಸುಮ್ಮನೆ ಕುಳಿತಿದ್ದವು. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಬೇರೆ ಬೇರೆ ಎಣಿಸುವ ದ್ವಿಮುಖ ಮೀಟರ್ ದಾಸ್ತಾನಿಲ್ಲ, ಬಂದ ಮೇಲೆ ಟೆಸ್ಟಿಂಗ್ ಬಾಕಿ, ಟೆಸ್ಟಿಂಗ್ ಆದ ಮೇಲೆ ತಪಾಸಣೆಗೆ ಬರಬೇಕಾದವರು ರಜೆ. ಈ ಹೊತ್ತಿನಲ್ಲಿ "ಒಮ್ಮೆ ಆನ್ ಮಾಡಿ ನೋಡೋಣ" ಎನ್ನುವ ಆಸೆ ಬರುತ್ತದೆ. ಬೇಡ. ಅನುಮತಿ ಇಲ್ಲದಿರುವುದು ಒಂದು ಕಡೆ; ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಬಹಳಷ್ಟಕ್ಕೆ ಕರೆಂಟು ಒಳಗೆ ಬಂತೋ ಹೊರಗೆ ಹೋಯಿತೋ ತಿಳಿಯದು. ಹೊರಗೆ ಕಳಿಸಿದ್ದನ್ನೂ ಬಳಸಿದ್ದೆಂದೇ ಓಡಿಸಿ ಬಿಲ್ಲಿಗೆ ಸೇರಿಸುತ್ತದೆ.

ಮೇ ಮೂರನೇ ವಾರ ಚಾಲೂ ಆಯಿತು. ಎರಡನೇ ದಿನವೇ ಮಧ್ಯಾಹ್ನ ಇನ್ವರ್ಟರ್ ತಾನಾಗಿ ನಿಂತಿತು: ಗ್ರಿಡ್ ಓವರ್‌ವೋಲ್ಟೇಜ್, ಅಂದರೆ ಲೈನಿನ ವೋಲ್ಟೇಜ್ ಮಿತಿ ಮೀರಿದೆ ಎಂದು. ಏಜೆನ್ಸಿಯವರು ಲೈನಿನ ತಪ್ಪೆಂದರು, ಲೈನ್‌ಮನ್ ಇನ್ವರ್ಟರಿನ ತಪ್ಪೆಂದರು. ತಪ್ಪು ನಡುವಿನ ವೈರಿನಲ್ಲಿತ್ತು. ಇನ್ವರ್ಟರಿನಿಂದ ಮೀಟರಿಗೆ 40 ಮೀಟರ್ ದೂರ, ಎಳೆದದ್ದು 2.5 ಎಂ.ಎಂ. ತಾಮ್ರದ ತಂತಿ. ಹೋಗಿ ಬರುವ 80 ಮೀಟರ್‌ಗೆ 0.59 ಓಮ್, 13 ಆಂಪಿಯರ್ ಹರಿದಾಗ 7.7 ವೋಲ್ಟ್. ಲೈನಿನಲ್ಲಿ 247 ಇದ್ದರೆ ಇನ್ವರ್ಟರಿಗೆ ಕಾಣುವುದು 254.7, ಅದು ನಿಲ್ಲುವ ಮಿತಿ 253. ತಂತಿಯನ್ನು 6 ಎಂ.ಎಂ. ಮಾಡಿದ ಮೇಲೆ ಆ 7.7 ಇದ್ದದ್ದು 3.2 ಆಯಿತು, ಟ್ರಿಪ್ ನಿಂತಿತು. ಕೊಟೇಶನ್‌ನಲ್ಲಿ "ಕೇಬಲ್ ಸೇರಿ" ಎಂದು ಬರೆದಿದ್ದರೆ ಎಷ್ಟು ಎಂ.ಎಂ. ಎಂದು ಬರೆಸಿಕೊಳ್ಳಿ.

ಮೇ ತಿಂಗಳ ಉರಿಬಿಸಿಲಿನಲ್ಲಿ ಇನ್ವರ್ಟರ್ 2600 ವ್ಯಾಟ್ ದಾಟಲಿಲ್ಲ. ಕೆಟ್ಟಿದೆಯೆಂದು ಫೋನ್ ಮಾಡಬೇಡಿ. ಪ್ಯಾನೆಲ್ ಮೇಲೆ ಬರೆದ 545 ವ್ಯಾಟ್ ಸೆಲ್ 25 ಡಿಗ್ರಿ ಇದ್ದಾಗಿನದು. ಅಲ್ಲಿಂದ ಪ್ರತಿ ಡಿಗ್ರಿಗೆ 0.35 ಶೇಕಡಾ ಇಳಿಯುತ್ತದೆ. ಸೆಲ್ 65 ಡಿಗ್ರಿಗೆ ಕಾದರೆ 14 ಶೇಕಡಾ ಹೋಯಿತು, ಮಿಕ್ಕದ್ದು ಧೂಳು ಮತ್ತು ವೈರಿನದು. 3000 ವ್ಯಾಟ್ ಪೂರ್ತಿ ಕಂಡದ್ದು ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆ ಒಂದು ಗಳಿಗೆ ಬಿಟ್ಟು ಮೋಡ ಒಡೆದಾಗ. ಪ್ಯಾನೆಲ್ ಒದ್ದೆಯಾಗಿ ತಣ್ಣಗಿತ್ತು, ನೇರ ಬಿಸಿಲಿನ ಜೊತೆಗೆ ಪಕ್ಕದ ಬಿಳಿ ಮೋಡದ ಬೆಳಕೂ ಬೀಳುತ್ತಿತ್ತು. ನಾಲ್ಕೇ ನಿಮಿಷ.

ಜುಲೈ ಲೆಕ್ಕ ಹೇಳಿಬಿಡುತ್ತೇನೆ. ಕೊಟೇಶನ್ ಪ್ರಕಾರ 372 ಯೂನಿಟ್ ಆಗಬೇಕಿತ್ತು, ಬಂದದ್ದು 198. ಪುನರ್ವಸು ಮಳೆಯ ಒಂದು ದಿನ ಬರೀ 1.4. ಹೊಳವಾದ ದಿನ ಅದೇ ವಾರದಲ್ಲಿ 11. ಇದರಲ್ಲಿ ಮೋಡದ ಪಾಲಿನ ಜೊತೆ ಕರೆಂಟು ಹೋದ ಪಾಲೂ ಇದೆ. ಲೈನಿನಲ್ಲಿ ಕರೆಂಟಿಲ್ಲದಿದ್ದರೆ ಇನ್ವರ್ಟರ್ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಸಂಚಕಾರ. ಹಾಗಾಗಿ ಮರ ಬಿದ್ದು ಎರಡು ದಿನ ಲೈನ್ ಹೋದರೆ ಆ ಎರಡು ದಿನದ ಬಿಸಿಲೂ ಹೋದ ಹಾಗೆ. "ಸೋಲಾರ್ ಇದೆಯಲ್ಲ, ನಿಮಗೇನು" ಎನ್ನುವ ನೆರೆಯವರಿಗೆ ಇದನ್ನು ವಿವರಿಸುವುದು ಸುಲಭವಲ್ಲ. ಹಳೆಯ ಬ್ಯಾಟರಿ ಯುಪಿಎಸ್ ಇದ್ದರೆ ಮಾರಬೇಡಿ. ಸೆಪ್ಟೆಂಬರ್‌ನಲ್ಲಿ 338 ಬಂತು.

ಸಬ್ಸಿಡಿ ಚಾಲನೆ ವರದಿಯಾದ 30 ದಿನದಲ್ಲಿ ಬರಬೇಕು. ನಾಲ್ಕು ತಿಂಗಳಾಯಿತು, ಬ್ಯಾಂಕಿನಲ್ಲಿ ಹೆಸರಿನ ಇನಿಶಿಯಲ್ ಮುಂದೆ, ಬಿಲ್ಲಿನಲ್ಲಿ ಹಿಂದೆ ಇದ್ದ ಕಾರಣಕ್ಕೆ. ಬ್ಯಾಂಕಿನ ಕಡೆಯೇ ತಿದ್ದಿಸಿ ರದ್ದು ಮಾಡಿದ ಚೆಕ್ ಮತ್ತೆ ಏರಿಸಬೇಕಾಯಿತು. ಒಪ್ಪಿಕೊಂಡ ದರ 2,05,000. ಕಾಂಕ್ರೀಟ್, ಹೆಚ್ಚುವರಿ ಅರ್ಥಿಂಗ್, 6 ಎಂ.ಎಂ. ತಂತಿ, ಲೋಡ್ ಠೇವಣಿ, ಕಾಗದಪತ್ರ ಸೇರಿ 2,24,000 ಆಯಿತು. 78,000 ಕಳೆದರೆ ಕೈಯಿಂದ ಹೋದದ್ದು 1,46,000.

ಹಸ್ತಾ ಮಳೆ ಮುಗಿದ ಮೇಲೆ ಒಮ್ಮೆ ತೊಳೆಯಬೇಕು. ಬಿಸಿಲೇರುವ ಮೊದಲು, ಬಟ್ಟೆ ಸುತ್ತಿದ ಕೋಲಿನಲ್ಲಿ, ಮಳೆನೀರು ಹಿಡಿದಿಟ್ಟದ್ದಿದ್ದರೆ ಅದರಲ್ಲೇ. ಗಡಸು ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಕೆಳಗಿನ ಚೌಕಟ್ಟಿನ ಉದ್ದಕ್ಕೂ ಬೆರಳಗಲದ ಹಾವಸೆ ಕಟ್ಟಿದೆ, ಉಗುರಿನಿಂದ ಕೆರೆದರೆ ಬರುತ್ತದೆ, ಬ್ಲೇಡ್ ಹಾಕಬಾರದು. ಆಗ್ನೇಯದ ಸಿಲ್ವರ್ ಓಕ್ ಈ ಮಳೆಗಾಲದಲ್ಲಿ ಇನ್ನೊಂದು ಗಜ ಏರಿದೆ. ನವೆಂಬರ್ ಒಳಗೆ ತಲೆ ಕಡಿಸಬೇಕು.